ಒಲೆ ಹಿಂದಿನ ಗೋಡೆ: ಕಲಬುರಗಿಯ ಒಂದು ಅಡುಗೆಮನೆಯ ಪ್ರಕರಣ

ಕಲಬುರಗಿಯ ಒಂದು ಮನೆಯಲ್ಲಿ ಒಲೆಯ ಹಿಂದಿನ ಟೈಲ್ಸ್ ಹಾಕಿಸಿ ಎರಡೇ ವರ್ಷಕ್ಕೆ ಕಳಚಿ ಬಿತ್ತು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸ ನನ್ನ ಕೈಗೆ ಬಂತು. ಮನೆ ದುರಸ್ತಿಯೇ ನನ್ನ ಉದ್ಯೋಗ. ಇಂಥ ಗೋಡೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಒಂದು ಟೈಲ್ ಬೀಳಲು ಏನೇನು ಕಾರಣ ಇರಬಹುದೋ ಅಷ್ಟೂ ಒಂದೇ ಗೋಡೆಯಲ್ಲಿ ಸಿಕ್ಕಿದ್ದು ಇಲ್ಲೇ. ಮನೆಯವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಬಡಾವಣೆ ಬಿಟ್ಟಿದ್ದೇನೆ, ಕೆಲವು ಚಿಕ್ಕ ವಿವರ ಬದಲಿಸಿದ್ದೇನೆ.

ಮನೆ ಮತ್ತು ಮಂದಿ

ಮನೆಗೆ ಇಪ್ಪತ್ತೈದು ವರ್ಷ ಆಗಿರಬೇಕು. ನೆಲಕ್ಕೆ ಶಹಾಬಾದ್ ಫರ್ಶಿ, ಅಡುಗೆ ಕಟ್ಟೆಗೆ ಕರಿ ಗ್ರಾನೈಟ್. ಕಟ್ಟೆ ಮೂಲೆಯಲ್ಲಿ ತಿರುಗುತ್ತದೆ. ಒಲೆ ಇರುವ ಕಡೆ ಒಂಬತ್ತು ಅಡಿ, ಸಿಂಕ್ ಇರುವ ಕಡೆ ಐದು ಅಡಿ. ಒಲೆಯ ಗೋಡೆಯ ಆ ಬದಿಗೆ ಬಚ್ಚಲು. ಈ ಮಾತು ನೆನಪಿಟ್ಟುಕೊಳ್ಳಿ.

ಮನೆಯಲ್ಲಿ ನಾಲ್ಕು ತಲೆಮಾರು. ಅಜ್ಜಿ, ನಿವೃತ್ತರಾದ ಮಗ, ಮೊಮ್ಮಗ, ಅವನ ಹೆಂಡತಿ, ಒಂದು ಮಗು. ಮೊಮ್ಮಗನ ಹೆಂಡತಿ ಶಾಲೆಯಲ್ಲಿ ಟೀಚರ್. ಬೆಳಗಿನ ಸಾರು, ಪಲ್ಯ ಅವರದು. ರೊಟ್ಟಿ ಮಾತ್ರ ಅಜ್ಜಿಯ ಕೈಯದೇ ಆಗಬೇಕು. ಬಡಿಯುವಾಗ ಜೋಳದ ಹಿಟ್ಟು ಹಾರುತ್ತದೆ, ಹಂಚಿನ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವಾಗ ಉಗಿ ಏಳುತ್ತದೆ. ಪಕ್ಕದ ಒಲೆಯ ಮೇಲೆ ತೊಗರಿ ಬೇಳೆಯ ಕುಕ್ಕರ್. ಸೀಟಿ ಹೊಡೆದಾಗೆಲ್ಲ ಅರಿಶಿನ ಬೆರೆತ ಬೇಳೆ ನೀರು ಗೋಡೆಗೆ ಸಿಡಿಯುತ್ತದೆ. ನಮ್ಮ ಕಡೆ ಅಡುಗೆಮನೆ ಗೋಡೆಗೆ ದಿನಾ ಬೀಳುವ ಪೆಟ್ಟು ಇದು.

ಏನು ಬಿತ್ತು, ಯಾಕೆ ಬಿತ್ತು

ಮೊದಲು ಮೇಲಿನ ಸಾಲಿನ ಒಂದು ಟೈಲ್ ಸ್ವಲ್ಪ ಉಬ್ಬಿತ್ತಂತೆ. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಂದು ಸಂಜೆ ಅದು ಕಳಚಿ ಒಲೆಯ ಮೇಲೆ ಬಿತ್ತು. ಹತ್ತಿರ ಯಾರೂ ಇರಲಿಲ್ಲ, ಸದ್ಯ. ಮರುವಾರ ಇನ್ನೆರಡು ಬಿದ್ದವು. ಆಗ ನನ್ನನ್ನು ಕರೆದರು. ಮೊಮ್ಮಗ ಫೋನಿನಲ್ಲಿ ಅಷ್ಟೊತ್ತಿಗೆ ಹೊಸ ಡಿಸೈನ್ ಆರಿಸಿಟ್ಟಿದ್ದ. "ಜಾತ್ರೆಗೆ ಮುಂಚೆ ಆಗ್ತದೇನ್ರಿ ಸರ?" ಅಂತ ಅವನ ಮೊದಲ ಪ್ರಶ್ನೆ. ಹೋಳಿ ಮುಗಿದ ಐದನೇ ದಿನಕ್ಕೆ ಶರಣಬಸವೇಶ್ವರ ಜಾತ್ರೆ. ಮನೆ ತುಂಬ ನೆಂಟರು ಬರುತ್ತಾರೆ.

ಡಿಸೈನ್ ನೋಡುವ ಮೊದಲು ನಾನು ಬಿದ್ದ ಟೈಲ್ ಕೇಳಿದೆ. ಮಗುಚಿ ನೋಡಿದರೆ ಎಲ್ಲ ಅಲ್ಲೇ ಬರೆದಿತ್ತು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಉಂಡೆ ಸಿಮೆಂಟ್. ಉಳಿದ ಜಾಗ ಪೂರ್ತಿ ಖಾಲಿ. ಮೂರು ಉಂಡೆಗಳು ಟೈಲಿಗೆ ಅಂಟಿಯೇ ಇರಲಿಲ್ಲ. ಅವು ಇದ್ದ ಜಾಗ ಅಂಗಡಿಯಿಂದ ತಂದಷ್ಟು ಚೊಕ್ಕ. ಉಳಿದೆರಡು ಟೈಲ್ ಜೊತೆ ಬಂದಿದ್ದವು, ಅವುಗಳ ಬೆನ್ನಿಗೆ ಹಸಿರು ಆಯಿಲ್ ಪೇಂಟಿನ ಪದರ ಕಿತ್ತು ಬಂದಿತ್ತು.

ಇಲ್ಲಿ ಎರಡು ಬೇರೆ ಬೇರೆ ತಪ್ಪು ಇವೆ. ಟೈಲ್ ವಿಟ್ರಿಫೈಡ್, ಅಂದರೆ ಗಾಜಿನ ಹಾಗೆ ಗಟ್ಟಿಯಾಗಿ ಸುಟ್ಟದ್ದು. ಅದು ನೀರು ಹೀರುವುದು ಅದರ ತೂಕದ 0.5%ಗಿಂತ ಕಡಿಮೆ. ಬರಿ ಸಿಮೆಂಟಿಗೆ ಹಿಡಿದುಕೊಳ್ಳಲು ಅದರ ಬೆನ್ನಿನಲ್ಲಿ ರಂಧ್ರಗಳೇ ಇರುವುದಿಲ್ಲ. ಇಂಥದ್ದಕ್ಕೆ ಪಾಲಿಮರ್ ಬೆರೆತ ಅಂಟೇ ಬೇಕು. ಗೋಡೆಗೆಂದೇ ಮಾಡುವ ಸಿರಾಮಿಕ್ ಟೈಲ್ 10%ಗಿಂತ ಜಾಸ್ತಿ ಹೀರುತ್ತದೆ, ಅದು ಸಿಮೆಂಟನ್ನು ಹಿಡಿಯುತ್ತದೆ. ಇದು ಟೈಲ್ ಕಡೆಯ ತಪ್ಪಾಯಿತು. ಗೋಡೆ ಕಡೆಯದು ಆಯಿಲ್ ಪೇಂಟ್. ಪೇಂಟ್ ಮೇಲೆ ಅಂಟಿಸಿದ ಟೈಲ್ ನಿಂತಿರುವುದು ಪೇಂಟಿನ ಬಲದ ಮೇಲೆ, ಗೋಡೆಯ ಬಲದ ಮೇಲಲ್ಲ.

ಉಳಿದ ಟೈಲ್‌ಗಳನ್ನು ಒಂದು ನಾಣ್ಯದಿಂದ ತಟ್ಟುತ್ತಾ ಹೋದೆ. ಒಲೆಯ ಎಡಕ್ಕೆ ಟಕ್ ಟಕ್. ಬಲಕ್ಕೆ ಹೋದಂತೆ ಡಬ ಡಬ, ಅಂದರೆ ಟೈಲ್ ಗೋಡೆ ಬಿಟ್ಟಿದೆ. ಬಲಕ್ಕೇ ಯಾಕೆ? ಉಂಡೆ ಸಿಮೆಂಟು, ಪೇಂಟು ಎರಡೂ ಗೋಡೆಯ ಉದ್ದಕ್ಕೂ ಒಂದೇ ಥರ ಇದ್ದವು. ಈ ಪ್ರಶ್ನೆಗೆ ಉತ್ತರ ಸಿಗದೆ ಹೊಸ ಟೈಲ್ ಮಾತು ಬೇಡ ಅಂತ ಅವತ್ತೇ ಹೇಳಿದೆ.

ಬಲಗಡೆ ಟೈಲ್ ಬಿದ್ದ ಜಾಗದಲ್ಲಿ ಒಂದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿ ಟೇಪ್ ಹಚ್ಚಿದೆ. ಎಡಗಡೆಯೂ ಹಾಗೇ. ಮರುದಿನ ನೋಡಿದರೆ ಎಡಗಡೆ ಹಾಳೆ ಒಣಗಿತ್ತು. ಬಲಗಡೆ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಸಾಲುಗಟ್ಟಿದ್ದವು. ಹನಿ ಒಳಮೈಯಲ್ಲಿ ನಿಂತರೆ ನೀರು ಗೋಡೆಯಿಂದ ಬರುತ್ತಿದೆ ಅಂತ ಅರ್ಥ. ಹೊರಮೈಯಲ್ಲಿ ನಿಂತರೆ ಅದು ಕೋಣೆಯ ಗಾಳಿಯ ತೇವ. ದುಡ್ಡು ಖರ್ಚಿಲ್ಲದ ಈ ಪರೀಕ್ಷೆಯನ್ನು ಟೈಲ್ ಕೊಳ್ಳುವ ಮುಂಚೆ ಎಲ್ಲರೂ ಮಾಡಬಹುದು.

ಬಚ್ಚಲ ಕಡೆ ಗೋಡೆ ಒಡೆದಾಗ ಕಾರಣ ಸಿಕ್ಕಿತು. ಗೋಡೆಯೊಳಗಿನ ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಒಂದು ತಿರುವಿನಲ್ಲಿ ತುಕ್ಕು ಹಿಡಿದು ಸಣ್ಣಗೆ ಜಿನುಗುತ್ತಿತ್ತು. ಬಚ್ಚಲಿನಲ್ಲಿ ಕಾಣಿಸದ ನೀರು ಇಟ್ಟಿಗೆಯೊಳಗೆ ಇಳಿದು ಅಡುಗೆಮನೆ ಕಡೆ ಹೊರಟಿತ್ತು. ಟೈಲ್ ಹಿಂದೆ ಗಿಲಾವು ಉಪ್ಪು ಬಿಟ್ಟು ಬೆರಳಿಗೆ ಪುಡಿಪುಡಿಯಾಗಿ ಬರುತ್ತಿತ್ತು.

ಜಾತ್ರೆಯೋ, ಗೋಡೆಯೋ

ಇಡೀ ಪ್ರಕರಣದಲ್ಲಿ ದೊಡ್ಡ ತಿರುವು ಇದೇ. ಪೈಪ್ ಬದಲಿಸುವುದು ಒಂದು ದಿನದ ಕೆಲಸ. ಆದರೆ ತೊಯ್ದ ಇಟ್ಟಿಗೆ ಒಣಗಬೇಕು, ಹೊಸ ಗಿಲಾವು ಆಗಬೇಕು, ಅದು ನೀರು ಕುಡಿದು ಗಟ್ಟಿಯಾಗಿ (ಕ್ಯೂರಿಂಗ್) ಮತ್ತೆ ಒಣಗಬೇಕು. ಜಾತ್ರೆಯೊಳಗೆ ಮುಗಿಯುವ ಮಾತೇ ಇಲ್ಲ. ಹಿಂದೆ ಟೈಲ್ ಹಾಕಿದ್ದ ಕೆಲಸಗಾರ ಮತ್ತೆ ಬಂದು, ಕೆಮಿಕಲ್ ಬಳಿದು ಮೇಲೆ ಟೈಲ್ ಕೂರಿಸಿ ಕೊಡುತ್ತೇನೆ ಅಂದ. ಮೊಮ್ಮಗ ಅರ್ಧ ಒಪ್ಪಿದ್ದ. ಅವನನ್ನು ದೂರಲಾರೆ. ನೆಂಟರ ಮುಂದೆ ಬೋಳು ಗೋಡೆ ಇರುವುದು ಯಾರಿಗೂ ಇಷ್ಟ ಆಗುವುದಿಲ್ಲ, ಅಲ್ವಾ?

ತೀರ್ಮಾನ ಮಾಡಿದ್ದು ಅಜ್ಜಿ. "ಬರೋ ಮಂದಿ ನಿಮ್ಮ ಗ್ವಾಡಿ ನೋಡ್ಲಾಕ ಬರ್ತಾರೇನು? ರೊಟ್ಟಿ ಉಣ್ಲಾಕ ಬರ್ತಾರ. ತೊಯ್ದ ಗ್ವಾಡಿ ಒಣಗ್ಲಿ ಬಿಡು" ಅಂದರು. ಒಲೆಯನ್ನು ಸಿಂಕ್ ಕಡೆಯ ಕಟ್ಟೆಗೆ ಸರಿಸಿದೆವು. ಪೈಪ್ ಬದಲಿಸಿ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಹಾಕಿದೆವು. ಟೈಲ್, ಪೇಂಟು, ಸಡಿಲ ಗಿಲಾವು ಎಲ್ಲ ಕೆರೆದು ಇಟ್ಟಿಗೆ ಕಾಣುವ ಹಾಗೆ ಬಿಟ್ಟೆವು. ಜಾತ್ರೆ ಆ ಗೋಡೆಯ ಮುಂದೆಯೇ ನಡೆದುಹೋಯಿತು.

ಬಿಸಿಲು ನಮಗೆ ಒದಗಿ ಬಂತು. ಕಲಬುರಗಿಯ ಮಾರ್ಚ್, ಏಪ್ರಿಲ್ ಒಣಗಾಳಿಗೆ ಗೋಡೆ ಬೇಗ ಒಣಗಿತು. ಪ್ಲಾಸ್ಟಿಕ್ ಹಾಳೆ ಮತ್ತೆ ಹಚ್ಚಿ ನೋಡಿ, ಒಳಮೈ ಒಣಗಿದ ಮೇಲೆಯೇ ಹೊಸ ಗಿಲಾವು ಮಾಡಿಸಿದ್ದು. ಅದಕ್ಕೆ 7 ದಿನ ನೀರು ಹೊಡೆದು, ಆಮೇಲೆ ಮೂರು ವಾರ ಮುಟ್ಟದೆ ಬಿಟ್ಟೆವು. ಪುಟ್ಟಿ ಹಚ್ಚಲು ಬಿಡಲಿಲ್ಲ. ಟೈಲ್ ಬರುವ ಗೋಡೆಗೆ ನುಣುಪು ಬೇಡ, ಒರಟು ಮೈಯೇ ಬೇಕು.

ಯಾವುದನ್ನು ಹಾಕುವುದು

ಗೋಡೆ ಒಣಗುವ ಹೊತ್ತು ಆಯ್ಕೆಗೆ ಸಿಕ್ಕಿತು. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ಮೊಮ್ಮಗನಿಗೆ ಗಾಜು ಬೇಕಿತ್ತು. ಹಿಂಬದಿಗೆ ಬಣ್ಣ ಬಳಿದ ಟಫನ್ಡ್ ಗಾಜು, ಒಂದೂ ಜಾಯಿಂಟ್ ಇಲ್ಲ, ಒರೆಸಿದರೆ ಮುಗಿಯಿತು. ಚೆನ್ನಾಗಿಯೇ ಕಾಣುತ್ತದೆ. ಆದರೆ ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸಲು, ತೂತು ಹಾಕಲು ಬರುವುದಿಲ್ಲ. ಸಾಕೆಟ್ ಜಾಗ ಒಂದಿಷ್ಟು ತಪ್ಪಿದರೂ ಇಡೀ ಹಾಳೆ ದಂಡ. ಗೋಡೆ ಕನ್ನಡಿಯಷ್ಟು ಸಮ ಇರಬೇಕು. ಈಗಷ್ಟೇ ತೇವದಿಂದ ಎದ್ದ ಗೋಡೆ ಇದು. ಮುಂದೆ ಎಂದಾದರೂ ತೇವ ಬಂದರೆ ಗಾಜಿನ ಹಿಂದಿನ ಬಣ್ಣ ಮಚ್ಚೆ ಬೀಳುತ್ತದೆ, ಸರಿಪಡಿಸಲು ದಾರಿ ಇಲ್ಲ. ಇದನ್ನು ಹೇಳಿದ ಮೇಲೆ ಅವನೇ ಕೈಬಿಟ್ಟ.

ಅವನ ತಂದೆಗೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಮನಸ್ಸು. ನಮ್ಮ ನೆಲದ ಕಲ್ಲು, ಕಾಲ ಕೆಳಗೆ ಇಷ್ಟು ವರ್ಷ ಬಾಳಿದ್ದು ಗೋಡೆಗೆ ಯಾಕೆ ಬಾಳುವುದಿಲ್ಲ ಅಂತ ಅವರ ಪ್ರಶ್ನೆ. ಈ ಕಲ್ಲಿನ ಮೇಲೆ ನನಗೂ ಪ್ರೀತಿ ಇದೆ. ಆ ನೀಲಿ ಬೂದು ಬಣ್ಣ, ಬೇಸಿಗೆಯಲ್ಲಿ ಅದರ ತಂಪು ಬೇರೆ ಯಾವುದಕ್ಕೂ ಇಲ್ಲ. ಆದರೆ ಅದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಈ ಸುಣ್ಣದ ಕಲ್ಲಿಗಾಗಿ. ಸುಣ್ಣದ ಕಲ್ಲಿಗೂ ಹುಳಿಗೂ ಆಗಿಬರುವುದಿಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೆ ತುಂಡುಗಳನ್ನು ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಪಾಲಿಶ್ ಶಹಾಬಾದ್ ಒಂದು, ಹೊಳಪಿನ ಸಿರಾಮಿಕ್ ಒಂದು, ಮ್ಯಾಟ್ ಟೈಲ್ ಒಂದು, ಜೊತೆಗೆ ಒಂದು ಹಲಗೆಯ ಮೇಲೆ ಬಿಳಿ ಸಿಮೆಂಟ್ ಗ್ರೌಟ್, ಎಪಾಕ್ಸಿ ಗ್ರೌಟ್ ಎರಡರ ಗೆರೆ. ಗ್ರೌಟ್ ಅಂದರೆ ಟೈಲ್‌ಗಳ ನಡುವಿನ ಸಂದಿಗೆ ತುಂಬುವುದು, ಎಪಾಕ್ಸಿ ಅಂದರೆ ರಾಳದಿಂದ ಮಾಡಿದ್ದು. ಎಲ್ಲದರ ಮೇಲೂ ಅರಿಶಿನ ಕಲಸಿದ ಎಣ್ಣೆ, ಹುಣಸೆ ರಸ, ನಿಂಬೆ ಹೋಳು, ಬೇಳೆ ಕಟ್ಟು. ರಾತ್ರಿಯಿಡೀ ಹಾಗೇ ಬಿಟ್ಟರು.

ಬೆಳಿಗ್ಗೆ ಒರೆಸಿದವರು ಆ ಟೀಚರ್. ಶಹಾಬಾದ್ ತುಂಡಿನ ಮೇಲೆ ನಿಂಬೆ ಹೋಳು ಇದ್ದಲ್ಲಿ ಹೊಳಪು ಹೋಗಿ ಒಂದು ಮಬ್ಬು ವೃತ್ತ ಉಳಿದಿತ್ತು. ಬೆರಳಾಡಿಸಿದರೆ ಒರಟು. ಅದು ಕಲೆಯಲ್ಲ, ಕಲ್ಲೇ ಕರಗಿದ್ದು. ಸೀಲರ್ ಹಚ್ಚಿದರೆ ಎಣ್ಣೆ ಇಳಿಯುವುದು ತಡೆಯಬಹುದು, ಹುಳಿ ತಿನ್ನುವುದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಮ್ಯಾಟ್ ಟೈಲಿನಲ್ಲಿ ಎಣ್ಣೆಯ ಜಿಡ್ಡು ಹೋಗಲು ಎರಡು ಸಲ ಸೋಪು ಬೇಕಾಯಿತು. ಹೊಳಪಿನ ಸಿರಾಮಿಕ್ ಒಂದೇ ಒರೆಸಿಗೆ ಚೊಕ್ಕ.

ಎಲ್ಲರೂ ಬೆರಗಾಗಿದ್ದು ಗ್ರೌಟ್ ನೋಡಿ. ಬಿಳಿ ಸಿಮೆಂಟಿನ ಗೆರೆಯಲ್ಲಿ ಅರಿಶಿನ ಹಳದಿಯಾಗಿ ಉಳಿದಿರಲಿಲ್ಲ, ಇಟ್ಟಿಗೆ ಕೆಂಪಾಗಿತ್ತು. ಅಜ್ಜಿ ನೋಡಿದ ಕೂಡಲೇ "ಅರಿಶಿಣಕ್ಕ ಸುಣ್ಣ ಹತ್ತಿದ್ರ ಕೆಂಪ ಆಗಲ್ಲೇನು, ಆರತಿ ನೀರಿನಂಗ?" ಅಂದರು. ಸರಿಯಾದ ಮಾತು. ಹೊಸ ಸಿಮೆಂಟು ಕ್ಷಾರ, ಸುಣ್ಣದ ಗುಣವೇ ಅದಕ್ಕೂ. ಎಪಾಕ್ಸಿ ಗೆರೆಯಲ್ಲಿ ತೆಳು ಹಳದಿ ಉಳಿದಿತ್ತು, ಅಷ್ಟೇ. ಒಲೆಯ ಹಿಂದೆ ಬಿಳಿ ಸಿಮೆಂಟ್ ಗ್ರೌಟ್ ಬೇಡ ಅಂತ ಆಗಲೇ ತೀರ್ಮಾನ ಆಯಿತು.

ಸಣ್ಣ ಸಣ್ಣ ಮೊಸಾಯಿಕ್ ಟೈಲ್ ಆಸೆ ಟೀಚರ್‌ಗೆ ಇತ್ತು. ಗ್ರೌಟ್ ನೋಡಿದ ಮೇಲೆ ಅವರೇ ಬೇಡ ಅಂದರು. ಟೈಲ್ ಸಣ್ಣದಾದಷ್ಟೂ ಗೆರೆ ಜಾಸ್ತಿ, ತಿಕ್ಕುವ ಕೆಲಸ ಜಾಸ್ತಿ. ಕೊನೆಗೆ ಒಂದಡಿಗೆ ಎರಡಡಿಯ ತಿಳಿ ಕೆನೆ ಬಣ್ಣದ ಹೊಳಪಿನ ಸಿರಾಮಿಕ್ ಒಪ್ಪಿಗೆಯಾಯಿತು. ವಿಟ್ರಿಫೈಡ್ ಗಟ್ಟಿ ಅಂತ ಅಂಗಡಿಯಲ್ಲಿ ಒತ್ತಾಯ ಮಾಡಿದರಂತೆ. ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಕಲೆ ಹಿಡಿಯದ ಮೈ, ಗೋಡೆಯನ್ನು ಕಚ್ಚಿಕೊಳ್ಳುವ ಬೆನ್ನು. ಎರಡೂ ಸಿರಾಮಿಕ್‌ನಲ್ಲಿ ಇವೆ, ತೂಕವೂ ಕಡಿಮೆ.

ತಂದೆಯವರ ಶಹಾಬಾದ್ ಕಲ್ಲು ಕಿಟಕಿಯ ಹಲಗೆಗೆ ಹೋಯಿತು. ಅಲ್ಲಿ ನೀರಿನ ತಂಬಿಗೆ, ತುಳಸಿ ಕುಂಡ ಇರುತ್ತವೆ. ಹುಳಿ ಬೀಳುವುದಿಲ್ಲ.

ಎತ್ತರ ಎಷ್ಟು ಅನ್ನುವುದನ್ನು ಹಳೆ ಗೋಡೆಯೇ ಹೇಳಿತು. ಎಲ್ಲ ಮನೆಯಲ್ಲೂ ಕಟ್ಟೆಯಿಂದ ಎರಡಡಿ ಹಾಕುತ್ತಾರೆ. ಇಲ್ಲೂ ಹಾಗೇ ಇತ್ತು. ಆದರೆ ಕುಕ್ಕರ್ ಇಡುವ ಜಾಗದಲ್ಲಿ ಹಳದಿ ಚುಕ್ಕೆಗಳು ಟೈಲಿನ ಮೇಲಂಚು ದಾಟಿ ಪೇಂಟಿನ ಮೇಲೂ ಒಂದೂವರೆ ಅಡಿ ಏರಿದ್ದವು. ಆದ್ದರಿಂದ ಒಲೆಯ ಹಿಂದೆ ಸಜ್ಜದವರೆಗೂ ಟೈಲ್, ಉಳಿದ ಕಡೆ ಎರಡೇ ಅಡಿ ಅಂತ ಮಾಡಿದೆವು. ಇಂಥ ಕೆಲಸಕ್ಕೆ ಹೋದಾಗ ನಾನು ಟೇಪ್ ಹಿಡಿಯುವ ಮುಂಚೆ ಕಲೆ ನೋಡುತ್ತೇನೆ.

ಕೂರಿಸಿದ ಬಗೆ

ಈ ಸಲ ಬಂದ ಗೌಂಡಿ ಹಳೆಯ ಕೈ. ಟೈಲ್ ಅಂಟಿನ ಚೀಲ ನೋಡಿ ಅವನಿಗೆ ಸಮಾಧಾನ ಆಗಲಿಲ್ಲ. "ಸಿರಾಮಿಕ್ ಅದಲ್ರಿ ಸರ, ನೀರಾಗ ನೆನಸಿ ಸಿಮೆಂಟ್ ತುಂಬ ಹಚ್ಚಿದ್ರ ಎಲ್ಲಿ ಹೋಗ್ತದ?" ಅಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಒಣ ಸಿರಾಮಿಕ್ ಸಿಮೆಂಟಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಅದಕ್ಕೆ ನೆನಸುವುದು. ಒಳ್ಳೆ ಗೋಡೆಗೆ, ಬೆನ್ನು ತುಂಬ ಸಿಮೆಂಟ್ ಹಚ್ಚಿ ಕೂರಿಸಿದರೆ ಅದೂ ನಿಲ್ಲುತ್ತದೆ. ಅಂಟು ಬಳಸಿದ್ದಕ್ಕೆ ಕಾರಣ ಬೇರೆ. ಪದರ ತೆಳುವಾಗಿ, ಒಂದೇ ಸಮ ಬರುತ್ತದೆ, ಹೊಸ ಗೋಡೆಗೆ ಮತ್ತೆ ನೀರು ಕುಡಿಸುವುದು ತಪ್ಪುತ್ತದೆ. ಇದಕ್ಕೆ ಐಎಸ್ 15477 ಅಂತ ಭಾರತೀಯ ಮಾನಕ ಇದೆ. ಅದರಲ್ಲಿ ಟೈಪ್ 1ರಿಂದ 5ರವರೆಗೆ ಬಗೆಗಳಿವೆ. ಚೀಲದ ಮೇಲೆ ಟೈಪ್ ಬರೆದಿರುತ್ತದೆ, ನಿಮ್ಮ ಟೈಲಿಗೆ ಯಾವುದು ಅಂತ ಓದಿಯೇ ಕೊಳ್ಳಿ.

ಶುರು ಮಾಡುವ ಮುಂಚೆ ರಸಮಟ್ಟ ಇಟ್ಟರೆ ಕಟ್ಟೆ ಒಂಬತ್ತು ಅಡಿಗೆ ಅರ್ಧ ಇಂಚು ಇಳಿಜಾರು. ಕಟ್ಟೆಯ ಮೇಲೆ ನೇರವಾಗಿ ಟೈಲ್ ಇಟ್ಟುಕೊಂಡು ಹೋಗಿದ್ದರೆ ಸಾಲು ಪೂರ್ತಿ ಓರೆಯಾಗುತ್ತಿತ್ತು. ಗೌಂಡಿ ಒಂದು ಅಲ್ಯೂಮಿನಿಯಂ ಪಟ್ಟಿಯನ್ನು ಮಟ್ಟಕ್ಕೆ ಗೋಡೆಗೆ ಹೊಡೆದು, ಎರಡನೇ ಸಾಲು ಮೊದಲು ಕೂರಿಸಿದ. ಕೆಳಗಿನ ಸಾಲನ್ನು ಮರುದಿನ ಕಟ್ಟೆಯ ಇಳಿಜಾರಿಗೆ ಸರಿಯಾಗಿ ಕತ್ತರಿಸಿ ಸೇರಿಸಿದ. ಆ ಕೈ ನೋಡುವುದೇ ಒಂದು ಸೊಗಸು. ಒಲೆಯ ನಡುವಿಗೆ ಒಂದು ಟೈಲಿನ ನಡು ಬರುವ ಹಾಗೆ ಹಂಚಿ, ತುಂಡುಗಳನ್ನೆಲ್ಲ ಮೂಲೆಗೆ ತಳ್ಳಿದ.

ಅಷ್ಟೊತ್ತಿಗೆ ಬೇಸಿಗೆ ಬಲಿತಿತ್ತು. ಹೊರಗೆ 40 ಡಿಗ್ರಿ ದಾಟಿದ ದಿನಗಳು. ಗೋಡೆಗೆ ಹಚ್ಚಿದ ಅಂಟು ಬಿಸಿಲಿಗೆ ಬೇಗ ಕೆನೆಗಟ್ಟುತ್ತದೆ. ಕೆನೆಗಟ್ಟಿದ ಅಂಟಿಗೆ ಟೈಲ್ ಒತ್ತಿದರೆ ನಿಂತ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಅದಕ್ಕೆ ಬೆಳಕು ಹರಿಯುವಾಗ ಶುರು, ಹನ್ನೊಂದರೊಳಗೆ ಬಂದ್. ಒಮ್ಮೆಗೆ ಎರಡು ಟೈಲಿಗಾಗುವಷ್ಟೇ ಅಂಟು ಹಚ್ಚುವುದು. ಬೆರಳು ಮುಟ್ಟಿಸಿ, ಅಂಟು ಬೆರಳಿಗೆ ಹತ್ತಿದರೆ ಸರಿ, ಹತ್ತದಿದ್ದರೆ ಕೆರೆದು ಹೊಸದು. ಹಲ್ಲಿನ ಕರಣೆಯಿಂದ ಗೆರೆ ಎಳೆದು ಟೈಲ್ ಒತ್ತಿದ ಮೇಲೆ ಒಂದನ್ನು ಬೇಕೆಂದೇ ಕಿತ್ತು ನೋಡಿದೆವು. ಬೆನ್ನು ಪೂರ್ತಿ ಬೂದಿ ಬಣ್ಣ, ಖಾಲಿ ಜಾಗ ಇಲ್ಲ. ಹಳೆಯ ಐದುಂಡೆ ಟೈಲನ್ನು ಮೊಮ್ಮಗ ತಂದು ಪಕ್ಕದಲ್ಲಿ ಹಿಡಿದ. ಗೌಂಡಿ ಆಮೇಲೆ ಅಂಟಿನ ಬಗ್ಗೆ ಮಾತಾಡಲಿಲ್ಲ.

ಸಾಕೆಟ್ ಇದ್ದ ಕಡೆ ಎಂಸಿಬಿ ಇಳಿಸಿ, ಅಂದರೆ ಕರೆಂಟ್ ಬಂದ್ ಮಾಡಿ, ಕೆಲಸ ಮಾಡಿದರು. ಟೈಲಿನ ದಪ್ಪ ಸೇರಿ ಬಾಕ್ಸ್ ಒಳಗೆ ಹೋದ ಹಾಗಾಯಿತು, ಉದ್ದ ಸ್ಕ್ರೂ ಬೇಕಾಯಿತು. ಗ್ರೌಟ್ ಮರುದಿನ. ಒಲೆಯ ಹಿಂದೆ ಬೂದು ಬಣ್ಣದ ಎಪಾಕ್ಸಿ, ಸಿಂಕ್ ಕಡೆ ಅದೇ ಬಣ್ಣದ ಸಿಮೆಂಟ್ ಗ್ರೌಟ್. ಎಪಾಕ್ಸಿ ದುಬಾರಿ, ಅದಕ್ಕೆ ಎಲ್ಲಿ ಬೇಕೋ ಅಲ್ಲಿ ಮಾತ್ರ. ಅದು ಸೆಕೆಗೆ ಬಹಳ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಟೈಲ್ ಮೇಲಿನ ಮಂಜು ಪದರವನ್ನು ಆಗಿಂದಾಗ ಒದ್ದೆ ಸ್ಪಂಜಿನಿಂದ ತೆಗೆಯಬೇಕು. ಕಟ್ಟೆ ಮತ್ತು ಟೈಲ್ ಸೇರುವ ಗೆರೆಗೆ ಗ್ರೌಟ್ ತುಂಬಿಸಲಿಲ್ಲ, ರಬ್ಬರಿನ ಹಾಗೆ ಬಗ್ಗುವ ಸಿಲಿಕೋನ್ ಹಾಕಿಸಿದೆವು. ಕಟ್ಟೆ ಬೇರೆ, ಗೋಡೆ ಬೇರೆ. ಒಂದಿಷ್ಟು ಅಲುಗಾಡಿದರೂ ಗಟ್ಟಿ ಗ್ರೌಟ್ ಬಿರಿಯುತ್ತದೆ, ಬಿರಿದಲ್ಲಿ ನೀರು ಇಳಿಯುತ್ತದೆ.

ಈಗ ಹೇಗಿದೆ

ಒಂದು ಮಳೆಗಾಲ, ಇನ್ನೊಂದು ಬೇಸಿಗೆ ಕಳೆದ ಮೇಲೆ ಹೋಗಿ ತಟ್ಟಿ ನೋಡಿದೆ. ಎಲ್ಲ ಕಡೆ ಟಕ್ ಟಕ್. ಬಚ್ಚಲ ಕಡೆಯೂ ಒಣಗಿದೆ. ಒಲೆಯ ಹಿಂದಿನ ಗೆರೆಗಳಲ್ಲಿ ಅರಿಶಿನ ಹಿಡಿದಿಲ್ಲ. ಕುಕ್ಕರ್ ಸಿಡಿತ ಸಜ್ಜದವರೆಗೂ ಒರೆಸಿದರೆ ಹೋಗುತ್ತದೆ.

ಸಿಂಕ್ ಕಡೆಯದು ಪೂರ್ತಿ ಗೆದ್ದ ಕಥೆಯಲ್ಲ. ಮನೆಯ ಬೋರ್ ನೀರು ಗಡಸು. ನಲ್ಲಿಯ ಸುತ್ತ ಟೈಲ್ ಮೇಲೆ, ಗ್ರೌಟ್ ಮೇಲೆ ಬಿಳಿ ಪದರ ಕಟ್ಟುತ್ತಿದೆ. ಕೆಲಸಕ್ಕೆ ಬರುವವರು ಬಚ್ಚಲಿನ ಆಸಿಡ್ ಹಾಕಿ ತಿಕ್ಕಲು ಹೊರಟಿದ್ದರಂತೆ, ಟೀಚರ್ ತಡೆದರು. ಆಸಿಡ್ ಬಿಳಿ ಪದರದ ಜೊತೆ ಸಿಮೆಂಟ್ ಗ್ರೌಟನ್ನೂ ತಿನ್ನುತ್ತದೆ, ಪಕ್ಕದ ಶಹಾಬಾದ್ ಹಲಗೆಗೆ ಸಿಡಿದರೆ ಅದನ್ನೂ ಬಿಡುವುದಿಲ್ಲ. ಈಗ ಪಾತ್ರೆ ತೊಳೆದ ಮೇಲೆ ಗೋಡೆಯನ್ನು ಒಣ ಬಟ್ಟೆಯಿಂದ ಒರೆಸುತ್ತಾರೆ. ಇದರಿಂದ ಪದರ ಕಟ್ಟುವುದು ನಿಧಾನ ಆಗಿದೆ, ನಿಂತಿಲ್ಲ. ನಲ್ಲಿಯ ಸುತ್ತಲಿನ ನಾಲ್ಕು ಟೈಲ್‌ಗಳ ನಡುವಿನ ಗ್ರೌಟ್ ಕೆರೆದು ಅಲ್ಲೂ ಎಪಾಕ್ಸಿ ತುಂಬಿಸುವುದು ಅಂತ ಮಾತಾಗಿದೆ. ಮಿಕ್ಕ ಟೈಲ್‌ಗಳನ್ನು ಬ್ಯಾಚ್ ನಂಬರ್, ಶೇಡ್ ನಂಬರ್ ಇರುವ ಡಬ್ಬಿ ಸಮೇತ ಸಜ್ಜದ ಮೇಲೆ ಎತ್ತಿಟ್ಟಿದ್ದಾರೆ. ಗ್ರೌಟ್ ಕೆರೆಯುವಾಗ ಒಂದು ಟೈಲ್ ಒಡೆದರೂ ಅದೇ ಬಣ್ಣದ್ದು ಮನೆಯಲ್ಲೇ ಇದೆ.